ಸ್ವಂತ ವಿಳಾಸ

ಪುಕ್ಕಟೆಯಾಗಿ ದೊರೆಯುವ ವಸ್ತುವಿಗೆ ಹಣ ತೆರುವವನನ್ನು ಲೋಕವು ಮರುಳನೆಂದು ಎಣಿಸುವುದು ಸಹಜವೇ ಸರಿ. ಆದರೂ ನಾನು ನನ್ನ ಸ್ವಂತ ಉಪಯೋಗದ ಮಿಂಚಂಚೆಗೂ ದಿನದರ್ಶಿಗೂ ವರ್ಷವರ್ಷವೂ ಹಣ ಕೊಡುವುದೆಂದು ನಿಶ್ಚಯಿಸಿದೆ. ಇದರ ಕಾರಣವನ್ನು ನಮ್ಮ ಸೀಮೆಯ ವಾಚಕರು ಸುಲಭವಾಗಿ ಗ್ರಹಿಸಬಲ್ಲರೆಂದು ನನ್ನ ನಂಬಿಕೆ. 1951ರಲ್ಲಿ ಕಾಗೋಡಿನ ಸತ್ಯಾಗ್ರಹವನ್ನು ಕಂಡ ಸಾಗರದವರಿಗೆ, ಅಳೆಯುವ ಕೊಳಗವು ಒಡೆಯನ ಕೈಯಲ್ಲಿದ್ದರೆ ಏನಾಗುವುದೆಂಬುದನ್ನು ಬಿಡಿಸಿ ಹೇಳಬೇಕೆ? ಪುಕ್ಕಟೆಯ ಅಂಚೆಯಲ್ಲಿಯೂ ಗೇಣಿಯುಂಟು. ಅದರ ಅಳತೆ ಮಾತ್ರ ನಮ್ಮ ಕಣ್ಣಿಗೆ ಬೀಳದು. ಜಾಹೀರಾತಿಗಾಗಿ ಕಾಗದಗಳನ್ನು ಯಂತ್ರದಿಂದ ಓದಿಸುವ ಪದ್ಧತಿಯನ್ನು ಗೂಗಲ್ ಸಂಸ್ಥೆಯು 2017ರಲ್ಲಿ ಕೈಬಿಟ್ಟಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ಆದರೆ ನನ್ನನ್ನು ಕಾಡಿದುದು ಓದುವ ಕಣ್ಣಲ್ಲ, ವಿಳಾಸ. ನಮ್ಮ ಅಜ್ಜನ ಮನೆಯು ಹೊಸನಗರ ತಾಲ್ಲೂಕಿನಲ್ಲಿದ್ದಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾಗಿ ಶರಾವತಿಯ ನೀರು ನಿಂತಾಗ, ಮನೆ ತೋಟಗಳೊಡನೆ ಊರಿನ ಹೆಸರೂ ಮುಳುಗಿತು. ಆ ಮೇಲೂ ಕೆಲವು ಕಾಲ ದೂರದ ನೆಂಟರು ಹಳೆಯ ವಿಳಾಸಕ್ಕೇ ಬರೆಯುತ್ತಿದ್ದರಂತೆ. ಊರೇ ಇಲ್ಲವಾದ ಮೇಲೆ ಅಂಚೆಯವನು ಯಾರ ಬಾಗಿಲಿಗೆ ಹೋಗಬೇಕು? ಮದುವೆಯ ಕರೆಯೋಲೆಯೊಂದು, ಮದುವೆಯಾದ ಹುಡುಗಿಗೆ ಮಗು ಹುಟ್ಟಿದ ಮೇಲೆ ಕೈಸೇರಿತೆಂದು ಅಜ್ಜಿ ಹೇಳಿ ನಗುತ್ತಿದ್ದಳು. ಆ ನಗೆಯು ಹೇಗಿತ್ತೆಂಬುದನ್ನು ಮುಳುಗಡೆಯ ಮನೆಗಳವರೇ ಬಲ್ಲರು.

ಮಿಂಚಂಚೆಯ ವಿಳಾಸದಲ್ಲಿ ನಮ್ಮ ಹೆಸರು ಮೊದಲಿದ್ದರೂ ಊರು ಸಂಸ್ಥೆಯದು. ಎರಡು ವರ್ಷ ಬಳಸದೆ ಬಿಟ್ಟ ಸ್ವಂತ ಖಾತೆಗಳನ್ನು ಅಳಿಸುವ ಕೆಲಸವನ್ನು ಗೂಗಲ್ 2023ರ ಡಿಸೆಂಬರಿನಲ್ಲಿ ಆರಂಭಿಸಿತು. ತೀರಿಹೋದವರ ಕಾಗದಗಳಿಗೆ ಇದರಿಂದ ಒದಗಬಹುದಾದ ಗತಿಯನ್ನು ಯೋಚಿಸಿ ನೋಡಿರಿ. ಆದುದರಿಂದ ನಾನು ಮೊದಲು ಕೊಂಡದ್ದು ಅಂಚೆಯನ್ನಲ್ಲ. ಮನೆತನದ ಹೆಸರಿನ ಒಂದು ಡೊಮೇನನ್ನು. (ಅದೂ ಶಾಶ್ವತವಲ್ಲ, ಕಾಲಕಾಲಕ್ಕೆ ನವೀಕರಿಸತಕ್ಕದ್ದು, ತಪ್ಪಿದರೆ ಪರರ ಪಾಲು.) ಇನ್ನು ಸೇವೆಯನ್ನು ಬದಲಾಯಿಸಿದರೂ ವಿಳಾಸವು ಬದಲಾಗದು.

ಆ ಮೇಲೆ ಸೇವೆಯ ಆಯ್ಕೆ. ಸ್ವಿಟ್ಸರ್ಲೆಂಡಿನ ಪ್ರೋಟಾನ್ ಮೇಲ್ ಕೂಡಿಟ್ಟ ಕಾಗದಗಳನ್ನು ತಾನೇ ಓದಲಾರದಂತೆ ಬೀಗ ಹಾಕಿಡುತ್ತದೆ. ಗುಟ್ಟನ್ನು ಕಾಯಬೇಕಾದವರಿಗೆ ಅದು ಉತ್ತಮವೇ. ಆದರೆ ಅದರ ದಿನದರ್ಶಿಯು ಬೇರೆ ತಂತ್ರಾಂಶಗಳೊಡನೆ ಸರಾಗವಾಗಿ ಬೆರೆಯದು. ಅಲ್ಲದೆ ಅದನ್ನು ದೇಶದಲ್ಲಿ ತಡೆಯಲು ಕ್ರಮ ಕೈಕೊಳ್ಳಬೇಕೆಂದು ನಮ್ಮ ಉಚ್ಚ ನ್ಯಾಯಾಲಯವು ಕೇಂದ್ರ ಸರಕಾರಕ್ಕೆ 2025ರ ಏಪ್ರಿಲಿನಲ್ಲಿ ಆದೇಶವಿತ್ತಿತು. ಆಸ್ಟ್ರೇಲಿಯದ ಫಾಸ್ಟ್‌ಮೇಲ್ ಬಹು ಅಚ್ಚುಕಟ್ಟು. ಹಣವನ್ನು ಡಾಲರಿನಲ್ಲಿ ತೆರಬೇಕು. ಚೆನ್ನೈಯ ಜೋಹೋ ರೂಪಾಯಿಯನ್ನು ಸ್ವೀಕರಿಸುತ್ತದೆ. ಹಣ ತೆತ್ತವರಿಗೆ ಐಮ್ಯಾಪ್ ಎಂಬ ಸಾರ್ವತ್ರಿಕ ರೀತಿಯಿಂದ ಕಾಗದಗಳ ಪ್ರತಿಯನ್ನು ಮನೆಯ ಗಣಕದಲ್ಲಿ ಇಟ್ಟುಕೊಳ್ಳಲು ಬಿಡುತ್ತದೆ. ಆಷಾಢದ ಮಳೆಯಲ್ಲಿ ಕರೆಂಟೂ ಇಲ್ಲದೆ ನೆಟ್‌ವರ್ಕೂ ಇಲ್ಲದೆ ಕೂರುವವನಿಗೆ ಇದು ಸಣ್ಣ ಗುಣವಲ್ಲ. ನಾನು ಇದನ್ನೇ ಆರಿಸಿದೆ.

ದಿನದರ್ಶಿಯ ವಿಷಯದಲ್ಲಿ ಮಾತ್ರ ಎಲ್ಲರೂ ಸಮಾನ ಅಜ್ಞಾನಿಗಳು. ಜೂನ್ ಮೊದಲಲ್ಲಿ ಅಡಕೆಗೆ ಬೋರ್ಡೋ ಸಿಂಪಡಿಸಿದರೆ ನಲವತ್ತು ದಿನಗಳ ಮೇಲೆ ಮತ್ತೆ ನೆನಪು ಮಾಡೆಂದರೆ ಮಾಡುತ್ತದೆ; ಭಾದ್ರಪದ ಬಹುಳ ಪಂಚಮಿ ಯಾವಾಗಲೆಂದು ಕೇಳಿದರೆ ಸುಮ್ಮನಿರುತ್ತದೆ. ಆದ್ದರಿಂದ ಯುಗಾದಿಯ ಮರುದಿನ ಪಂಚಾಂಗವನ್ನು ಮುಂದಿಟ್ಟುಕೊಂಡು ಹಿರಿಯರ ತಿಥಿಗಳನ್ನೆಲ್ಲ ಕೈಯಾರೆ ತುಂಬುತ್ತೇನೆ. ಅದು ತೀರ್ಥಹಳ್ಳಿಯ ತಂಗಿಗೂ ಪರದೇಶದಲ್ಲಿರುವ ಮಗನಿಗೂ ಆ ಕ್ಷಣವೇ ಕಾಣುತ್ತದೆ. ಡೊಮೇನನ್ನು ನವೀಕರಿಸುವ ದಿನವನ್ನೂ ಅದೇ ಪಟ್ಟಿಯಲ್ಲಿ ಬರೆದಿದ್ದೇನೆ. ಗುಪ್ತಪದವಿರುವ ಚೀಟಿಯನ್ನು ಪಹಣಿಪತ್ರಗಳ ಪೆಟ್ಟಿಗೆಯಲ್ಲಿಟ್ಟು, ಕೀಲಿಕೈಯನ್ನು ಮಗಳ ವಶಕ್ಕೆ ಕೊಟ್ಟಾಗಿದೆ.