ಕೆಂಚನ ವಿಚಾರಣೆ

ನಮ್ಮ ಮನೆಯ ಬೆಕ್ಕಿಗೆ ಯಜಮಾನರು ಯಾರೆಂಬುದು ಎಂದೂ ಇತ್ಯರ್ಥವಾಗದ ಪ್ರಶ್ನೆಯಾಗಿದ್ದಿತು. ಅದು ಬೆಚ್ಚಗೆ ಮಡಿಲಲ್ಲಿ ಮಲಗಿದ ದಿನ ಎಲ್ಲರೂ ಯಜಮಾನರೇ. ಉಗುರು ತೋರಿಸಿದ ದಿನ ಮಾತ್ರ ಅದು ನನ್ನೊಬ್ಬನ ಬೆಕ್ಕಾಗುತ್ತಿದ್ದಿತು. "ನಿಮ್ಮ ಬೆಕ್ಕು ಮಾಡಿದ ಘನಕಾರ್ಯ ನೋಡಿ" ಎಂದು ನನ್ನ ಹೆಂಡತಿ ಕೂಗಿದಳೆಂದರೆ ಹಾಲಿನ ಪಾತ್ರೆ ಉರುಳಿದೆಯೆಂದೋ ಯಾರದೋ ಕೈ ಪರಚಿದೆಯೆಂದೋ ನಾನು ತಿಳಿದುಕೊಳ್ಳುತ್ತಿದ್ದೆನು.

ಅದು ನಮ್ಮಲ್ಲಿಗೆ ಬಂದುದು 2022ನೆಯ ಇಸವಿಯ ಮಳೆಗಾಲದಲ್ಲಿ. ಶಿವಮೊಗ್ಗದ ನಮ್ಮ ಬೀದಿಯ ಚರಂಡಿಯ ಅಂಚಿನಲ್ಲಿ ನೆನೆದು ಅರಚುತ್ತಿದ್ದ ಮರಿಯನ್ನು ನನ್ನ ಮೊಮ್ಮಗ ಪುಟ್ಟು ಅಂಗಿಯೊಳಗೆ ಇಟ್ಟುಕೊಂಡು ತಂದನು. ಕಣ್ಣು ಬಿಟ್ಟು ಹೆಚ್ಚು ದಿನಗಳಾಗಿರಲಿಲ್ಲ. ನೆಟ್ಟಗೆ ನಡೆಯಲೂ ಬಾರದು. ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಅದರ ಬಾಯಿಗೆ ಹಿಡಿದು ಬದುಕಿಸಿದೆವು. ಮೈಮೇಲೆ ಕೆಂಪು ಪಟ್ಟೆಗಳಿದ್ದುದರಿಂದ ಕೆಂಚನೆಂದು ಹೆಸರಾಯಿತು. ಸ್ವಲ್ಪ ಬಲಿತ ಮೇಲೆ ಅದರ ಮುಂದೆ ಬೆರಳಾಡಿಸಿ ಹಾರಿಸುವುದು ಮನೆಮಂದಿಗೆಲ್ಲ ಸಂಜೆಯ ವಿನೋದವಾಯಿತು. ಅದು ಬೆರಳನ್ನು ಅಪ್ಪಿ ಹಿಡಿದು ಹಿಂಗಾಲಿನಿಂದ ಒದೆದು ಕಚ್ಚಿದರೆ ನಾವು ನಗುತ್ತಿದ್ದೆವು. ಮುಷ್ಟಿಯಷ್ಟಿದ್ದ ಮರಿ ಕಚ್ಚಿದರೆ ನೋವೇನು? ಒಂದೂವರೆ ವರ್ಷದ ಗಂಡು ಬೆಕ್ಕು ಅದೇ ಆಟವನ್ನು ಆಡಿದಾಗ ನಗು ನಿಂತಿತು. ಆದರೆ ಆಟದ ನಿಯಮವನ್ನು ಕಲಿಸಿದವರು ನಾವು. ತಾಯಿಯೂ ಒಡಹುಟ್ಟಿದ ಮರಿಗಳೂ ಇದ್ದಿದ್ದರೆ, ಗಟ್ಟಿಯಾಗಿ ಕಚ್ಚಿದರೆ ಆಟ ಮುಗಿಯುತ್ತದೆಯೆಂಬುದನ್ನು ಅವೇ ಕಲಿಸುತ್ತಿದ್ದುವು. ಬೆಕ್ಕಿನ ಮರಿ ಅನ್ಯರೊಡನೆ ಬಾಳುವ ರೀತಿಯನ್ನು ಕಲಿಯುವುದು ಹೆಚ್ಚಾಗಿ ಎರಡನೆಯ ವಾರದಿಂದ ಏಳನೆಯ ವಾರದೊಳಗಂತೆ. ಆ ಪಾಠಶಾಲೆಯ ಅವಧಿಯನ್ನು ಕೆಂಚ ನಮ್ಮ ಬೆರಳುಗಳ ನಡುವೆ ಕಳೆಯಿತು.

ಇಷ್ಟಾದರೂ ಅದು ಪರಚುತ್ತಿದ್ದುದು ಕೈಯನ್ನು, ಅದೂ ಆಟದಲ್ಲಿ. 2023ರ ಡಿಸೆಂಬರಿನ ಒಂದು ಸಂಜೆ ನಡೆದುದು ಬೇರೆಯೇ ಬಗೆಯದು. ನಾನು ಒಳಗಿನ ಕೋಣೆಯಲ್ಲಿದ್ದೆನು. ನಡುಮನೆಯಿಂದ ಪುಟ್ಟುವಿನ ಚೀರಾಟ ಕೇಳಿ ಓಡಿ ಬಂದು ನೋಡಿದರೆ ಹುಡುಗನ ಹುಬ್ಬಿನಿಂದ ಕೆನ್ನೆಯವರೆಗೆ ರಕ್ತದ ಮೂರು ಗೆರೆಗಳು. ಮುಂಗೈಯಲ್ಲಿ ಹಲ್ಲಿನ ಗುರುತು. ಕಣ್ಣು ಉಳಿದುದು ಎರಡು ಗೋಧಿಕಾಳಿನಷ್ಟು ಅಂತರದಿಂದ. ಕೆಂಚ ಬೀರುವಿನ ಕೆಳಗೆ ಸೇರಿ, ನಾವು ಎಂದೂ ಕೇಳದ ಧ್ವನಿಯಲ್ಲಿ ಗುರುಗುಟ್ಟುತ್ತಿದ್ದಿತು.

ಸೊಸೆ ಮಾತಾಡಲಿಲ್ಲ. ಮಗುವನ್ನು ನಲ್ಲಿಯ ಕೆಳಗೆ ಹಿಡಿದು ಸಾಬೂನು ಹಚ್ಚಿ ಗಡಿಯಾರ ನೋಡಿಕೊಂಡು 15 ನಿಮಿಷ ಗಾಯಗಳನ್ನು ತೊಳೆದಳು. ನಾನು ಅರಿಸಿನ ತರಲು ಹೋದವನು ಅವಳ ಮುಖವನ್ನು ನೋಡಿ ಹಿಂತಿರುಗಿದೆನು. ಅವಳು ಮಾಡಿದುದೇ ಸರಿಯೆಂದು ಆಸ್ಪತ್ರೆಯಲ್ಲಿ ವೈದ್ಯರು ಹೇಳಿದರು. ನನ್ನ ಬಾಲ್ಯದಲ್ಲಿ ಹುಚ್ಚುನಾಯಿ ಕಚ್ಚಿದವರಿಗೆ ಹೊಕ್ಕುಳಿನ ಸುತ್ತ 14 ಸೂಜಿಗಳನ್ನು ಚುಚ್ಚುತ್ತಿದ್ದರೆಂಬ ಮಾತೇ ನಮ್ಮನ್ನು ನಡುಗಿಸುತ್ತಿದ್ದಿತು. ಈಗ ತೋಳಿಗೆ ಚುಚ್ಚುತ್ತಾರೆ, ಮೊದಲ ದಿನವೊಮ್ಮೆ, ಅಲ್ಲಿಂದ 3, 7, 28ನೆಯ ದಿನಗಳಲ್ಲಿ. ರಕ್ತ ಬಂದಿದ್ದುದರಿಂದ ಗಾಯದ ಸುತ್ತ ಬೇರೊಂದು ಮದ್ದನ್ನೂ ಹಾಕಿದರು. ಆಗ ಪುಟ್ಟು ಅತ್ತ ಅಳುವನ್ನು ನಾನು ವರ್ಣಿಸಲಾರೆ. ಕೆಂಚನಿಗೆ ನಾವು ಲಸಿಕೆ ಹಾಕಿಸಿರಲಿಲ್ಲ. ಮನೆಯ ಬೆಕ್ಕು ತಾನೇ ಎಂಬ ಉದಾಸೀನ. ಅದಕ್ಕೆ ಮಗುವಿನ ತೋಳು ಬೆಲೆ ತೆತ್ತಿತು.

ಮರುದಿನವೇ ನೆರೆಮನೆಯ ಮಹನೀಯರೊಬ್ಬರು ಗೋಣಿಚೀಲದೊಡನೆ ಬಂದರು. "ಕೊಲ್ಲುವ ಮಾತಲ್ಲ ರಾಯರೇ, ಹತ್ತು ಮೈಲಿ ಆಚೆ ಬಿಟ್ಟು ಬಂದರಾಯಿತು" ಎಂದರು. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕನ್ನು ಮಾಡಿಸಿ ದಾನಕೊಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಗೋಣಿಯಲ್ಲಿ ಕಟ್ಟಿ ಬಿಟ್ಟು ಬರುವುದಕ್ಕೆ ಮಾತ್ರ ಯಾವ ಪ್ರಾಯಶ್ಚಿತ್ತವನ್ನೂ ವಿಧಿಸಿದುದನ್ನು ನಾನು ಕೇಳಿಲ್ಲ. ಆ ಮಾರ್ಗ ಇಷ್ಟು ಪ್ರಚಾರದಲ್ಲಿರುವುದಕ್ಕೆ ಅದೇ ಕಾರಣವೇನೋ. ಆದರೆ ವೈದ್ಯರು ಹತ್ತು ದಿನ ಬೆಕ್ಕನ್ನು ಕಣ್ಣಿನಲ್ಲಿಟ್ಟು ನೋಡಬೇಕೆಂದಿದ್ದರು. ಆ ಅವಧಿಯಲ್ಲಿ ಅದು ಆರೋಗ್ಯವಾಗಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ಆ ವಿಷವಿರಲಿಲ್ಲವೆಂದು ತಿಳಿಯಬಹುದು. ಅದನ್ನು ಹೊರಗೆ ಹಾಕಿದರೆ ಆ ತಿಳಿವನ್ನೂ ಹೊರಗೆ ಹಾಕಿದಂತೆ. ಹೀಗೆ ಗೋಣಿಚೀಲ ಹಿಂದಿರುಗಿತು. ಕೆಂಚ ಹಿತ್ತಿಲ ಕೋಣೆಯಲ್ಲಿ ಬಂದಿಯಾಯಿತು.

ಆ ಹತ್ತು ದಿನಗಳಲ್ಲಿ ನಾನು ಮಾಡಿದ ತಪ್ಪನ್ನು ಹೇಳುವುದಕ್ಕಾಗಿಯೇ ಈ ಬರಹವನ್ನು ಕೈಗೆತ್ತಿಕೊಂಡೆನು.

ಮೊದಲ ರಾತ್ರಿಯೇ ಪುಟ್ಟುವನ್ನು ಹತ್ತಿರ ಕೂರಿಸಿಕೊಂಡು, "ನೀನು ಅದರ ಬಾಲ ಎಳೆದೆಯೇನೋ?" ಎಂದು ಕೇಳಿದೆನು. "ಇಲ್ಲ ಅಜ್ಜ, ನಾನು ಸುಮ್ಮನೆ ಹೋಗುತ್ತಿದ್ದೆ" ಎಂದನು. ಮರುದಿನ ಮತ್ತೆ ಕೇಳಿದೆನು. ಮೂರನೆಯ ದಿನ, ಹಾವನ್ನು ಕೊಂದು ಮಗುವನ್ನು ಉಳಿಸಿದ ಮುಂಗುಸಿಯನ್ನು ಅದರ ಬಾಯಿಯ ರಕ್ತ ನೋಡಿ ದುಡುಕಿ ಕೊಂದ ತಾಯಿಯ ಕಥೆಯನ್ನು ಹೇಳಿ, "ನಿಜ ಹೇಳಿದರೆ ಯಾರೂ ಬಯ್ಯುವುದಿಲ್ಲ, ಒಂದು ಮೂಕಪ್ರಾಣಿ ಉಳಿಯುತ್ತದೆ" ಎಂದೆನು. ಹುಡುಗ ನನ್ನ ಮುಖವನ್ನು ನೋಡಿ ತುಟಿಯನ್ನು ಬಿಗಿದುಕೊಂಡು ಎದ್ದು ಹೋದನು. ಕೆನ್ನೆಯ ಗಾಯ ಆಗಿನ್ನೂ ಹಸಿಯಾಗಿಯೇ ಇದ್ದಿತು.

ನಾನು ಅವನನ್ನು ನಂಬದಿರುವುದಕ್ಕೆ ಕಾರಣವಿದ್ದಿತು. ಆದರೆ ಆ ಕಾರಣಕ್ಕೂ ಅವನಿಗೂ ಸಂಬಂಧವಿರಲಿಲ್ಲ. 1964ರಲ್ಲಿ ನಾನು ಏಳು ವರ್ಷದವನಾಗಿದ್ದಾಗ ತೀರ್ಥಹಳ್ಳಿಯ ಬಳಿಯ ನಮ್ಮ ಮನೆಯಲ್ಲಿ ಬೆಳ್ಳಿಯೆಂಬ ಬಿಳಿಯ ಬೆಕ್ಕಿದ್ದಿತು. ಒಂದು ಮಧ್ಯಾಹ್ನ ಅಟ್ಟದ ಮೇಲೆ ಅದು ಮಲಗಿದ್ದಾಗ ನಾನು ಅದರ ಹಿಂಗಾಲುಗಳನ್ನು ಹಿಡಿದು ಎಳೆದೆನು. ಅದು ನನ್ನ ಕುತ್ತಿಗೆಯನ್ನು ಪರಚಿತು. ಅಪ್ಪಯ್ಯ ಕೇಳಿದಾಗ, "ಸುಮ್ಮನೆ ಹೋಗುತ್ತಿದ್ದೆ" ಎಂದೆನು. ಅಪ್ಪಯ್ಯ ಹೆಚ್ಚು ಮಾತಿನವರಲ್ಲ. ಮರುದಿನ ಬೆಳಗ್ಗೆ ಬೆಳ್ಳಿಯನ್ನು ಗೋಣಿಗೆ ಹಾಕಿ, ದೋಣಿಯಲ್ಲಿ ತುಂಗೆಯನ್ನು ದಾಟಿಸಿ, ಆಚೆಯ ಕಾಡಿನ ಅಂಚಿನಲ್ಲಿ ಬಿಟ್ಟು ಬಂದರು. ಬೆಕ್ಕು ಎಲ್ಲಿ ಬಿಟ್ಟರೂ ಮನೆಗೆ ಬರುತ್ತದೆಯೆಂಬ ಮಾತನ್ನು ನಂಬಿ ಅಮ್ಮ ಬಹಳ ದಿನಗಳವರೆಗೆ ಹಿತ್ತಿಲ ಮೆಟ್ಟಿಲಿನ ಮೇಲೆ ಗೆರಟೆಯಲ್ಲಿ ಹಾಲಿಡುತ್ತಿದ್ದಳು. ಬೆಳಗ್ಗೆ ಎದ್ದೊಡನೆ ನಾನು ಅದನ್ನು ನೋಡುತ್ತಿದ್ದೆನು. ಗೆರಟೆ ಬರಿದಾಗಿರುತ್ತಿದ್ದಿತು, ಕುಡಿದುದು ಬೀದಿಯ ನಾಯಿಯೆಂದು ಎಲ್ಲರಿಗೂ ಗೊತ್ತಿದ್ದಿತು. ಬೆಳ್ಳಿ ಬರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಪುಟ್ಟುವಿನ ಬಾಯಿಂದ ಅದೇ ಮಾತು ಬಂದಾಗ ನನಗೆ ಕೇಳಿಸಿದುದು ಅವನ ಧ್ವನಿಯಲ್ಲ. ಅರುವತ್ತು ವರ್ಷದ ಹಿಂದಿನ ಸಾಲವನ್ನು ಮೊಮ್ಮಗನ ಲೆಕ್ಕಕ್ಕೆ ಬರೆದು, ಅದಕ್ಕೆ ಪ್ರಾಣಿದಯೆಯೆಂಬ ಹೆಸರನ್ನೂ ಇಟ್ಟುಕೊಂಡಿದ್ದೆನು.

ಹನ್ನೊಂದನೆಯ ದಿನ ಕೆಂಚನನ್ನು ಪಶುವೈದ್ಯರಲ್ಲಿಗೆ ಒಯ್ದೆವು. ಬೆಕ್ಕು ಹೀಗೆ ಎರಗಿದಾಗ ಒಳಗೆ ಹಲ್ಲುನೋವೋ ಕಿವಿಯ ಹುಣ್ಣೋ ಇರಬಹುದೆಂದು ಅವರು ಬಾಯಿ ಬಿಡಿಸಿ, ಕಿವಿ ನೋಡಿ, ಬೆನ್ನು ಒತ್ತಿ ಪರೀಕ್ಷಿಸಿದರು. ಏನೂ ಕಾಣಲಿಲ್ಲ. ಆಮೇಲೆ, "ಆ ಹೊತ್ತಿನಲ್ಲಿ ಬೆಕ್ಕು ಎಲ್ಲಿ ಕುಳಿತಿತ್ತು? ಎದುರಿಗೆ ಕಿಟಕಿಯಿದೆಯೇ?" ಎಂದು ಕೇಳಿದರು. ಬೆಕ್ಕು ಕುಳಿತಿದ್ದುದು ಕಿಟಕಿಯ ಕಟ್ಟೆಯ ಮೇಲೆ. "ಹೊರಗೆ ಏನಿತ್ತು?" ಅದನ್ನು ಯಾರೂ ನೋಡಿರಲಿಲ್ಲ.

ಆ ಸಂಜೆ ಅದೇ ಹೊತ್ತಿಗೆ ಕೆಂಚನನ್ನು ನಡುಮನೆಗೆ ಬಿಟ್ಟು, ಪುಟ್ಟುವನ್ನು ದೂರವಿರಿಸಿ, ನಾನು ಒಂದು ಮೂಲೆಯಲ್ಲಿ ಕುಳಿತೆನು. ದೀಪ ಹಚ್ಚುವ ವೇಳೆಗೆ ಬೂದುಬಣ್ಣದ ದಪ್ಪತಲೆಯ ಗಂಡು ಬೆಕ್ಕೊಂದು ನಮ್ಮ ಕಾಂಪೌಂಡಿನ ಗೋಡೆಯ ಮೇಲೆ ಬಂದು, ಸಾವಕಾರನಂತೆ ಕುಳಿತು, ನಮ್ಮ ಕಿಟಕಿಯನ್ನೇ ನೋಡತೊಡಗಿತು. ಕೆಂಚನ ಕಿವಿಗಳು ಹಿಂದಕ್ಕೆ ಮಡಿಸಿದುವು; ಬೆನ್ನಿನ ಚರ್ಮ ಅಲೆಯಲೆಯಾಗಿ ಅದುರಿತು; ಬಾಲ ಬಾಟಲಿ ತೊಳೆಯುವ ಕುಂಚದಂತೆ ಉಬ್ಬಿತು. ಹೆಸರು ಹಿಡಿದು ಕರೆದೆನು, ಕೇಳಿಸಿದಂತೆಯೇ ಇಲ್ಲ. ಇದಾವುದನ್ನೂ ಅರಿಯದ ನನ್ನ ಹೆಂಡತಿ ದೇವರ ಮನೆಯಿಂದ ಅತ್ತ ಹಾದು ಹೋದಳು. ಕೆಂಚ ಕಟ್ಟೆಯಿಂದ ನೆಗೆದು ಅವಳ ಸೀರೆಯ ನೆರಿಗೆಯನ್ನು ಕಚ್ಚಿ ಹಿಡಿದು ಹಿಂಗಾಲಿನಿಂದ ಬಡಿಯಿತು. ಗಾಜಿನ ಆಚೆಯ ಹಗೆ ಕೈಗೆ ಸಿಕ್ಕುವುದಿಲ್ಲ. ಈಚೆ ಹತ್ತಿರ ಸುಳಿದವರೇ ಆ ಹೊತ್ತಿಗೆ ಹಗೆ. ಆ ಕೆರಳಿಕೆ ಕೆಲವೊಮ್ಮೆ ಗಂಟೆಗಟ್ಟಲೆ ಇಳಿಯದೆಂದು ವೈದ್ಯರು ಆಮೇಲೆ ಹೇಳಿದರು. ಕಛೇರಿಯಲ್ಲಿ ಮೇಲಧಿಕಾರಿಯಿಂದ ಬಯ್ಗಳು ತಿಂದು ಬಂದು ಮನೆಯಲ್ಲಿ ಲೋಟ ಎಸೆಯುವವರನ್ನು ಕಂಡಿರುವ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗಾದರೆ ಹುಡುಗ ಸುಮ್ಮನೆಯೇ ಹೋಗುತ್ತಿದ್ದನು.

ಅವನನ್ನು ಜಗಲಿಗೆ ಕರೆದು, "ಪುಟ್ಟು, ನೀನು ಹೇಳಿದುದು ನಿಜ. ನಾನು ನಂಬಲಿಲ್ಲ. ನನ್ನದು ತಪ್ಪಾಯಿತು" ಎಂದೆನು. ಅವನು ಕಾಲಿನ ಹೆಬ್ಬೆರಳಿನಿಂದ ನೆಲವನ್ನು ಗೀರುತ್ತ ಬಹಳ ಹೊತ್ತು ನಿಂತು, "ಹಾಗಾದರೆ ಕೆಂಚ ಇರಬಹುದಾ ಅಜ್ಜ?" ಎಂದು ಕೇಳಿದನು. ನನ್ನ ಕ್ಷಮಾಪಣೆಯನ್ನು ಅವನು ಸ್ವೀಕರಿಸಿದನೋ ಇಲ್ಲವೋ ಈಗಲೂ ತಿಳಿಯದು.

ಇರಬಹುದೆಂದು ಎಲ್ಲರೂ ಒಪ್ಪಿದೆವು, ಸೊಸೆಯೂ ಒಪ್ಪಿದಳು. ಆದರೆ ಅವಳೊಂದು ಮಾತು ಹೇಳಿದಳು: "ಮಾವ, ಪುಟ್ಟುವಿಗೆ ಹೇಳಿದರೆ ತಿಳಿಯುತ್ತದೆ. ಸಂಕ್ರಾಂತಿಗೆ ಅತ್ತಿಗೆ ಬರುತ್ತಾರೆ. ಅವರ ಕೂಸಿಗೆ ಎಂಟು ತಿಂಗಳು. ಅಂಬೆಗಾಲಿಡುವ ಕೂಸಿಗೆ ಯಾರು ಹೇಳುವುದು?" ನನ್ನ ಮಗಳು ನಾಲ್ಕು ತಿಂಗಳು ಇರುವ ಸಿದ್ಧತೆಯಿಂದ ಬರುವವಳಿದ್ದಳು.

ನಮ್ಮಿಂದಾದ ಏರ್ಪಾಡುಗಳನ್ನೆಲ್ಲ ಮಾಡಿದೆವು. ಕಿಟಕಿಯ ಕೆಳಭಾಗದ ಗಾಜಿಗೆ ಕಾಗದ ಅಂಟಿಸಿದೆವು. ಕೆಂಚನಿಗೆ ಲಸಿಕೆಯೂ ಸಂತಾನಹರಣ ಶಸ್ತ್ರಕ್ರಿಯೆಯೂ ಆದುವು. ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಗೋಡೆಗೆ ಹಲಗೆಯೊಂದನ್ನು ಹೊಡೆಸಿದೆವು. ಬೆರಳಾಟ ನಿಂತಿತು, ಕೋಲಿಗೆ ದಾರ ಕಟ್ಟಿ ಆಡಿಸುವುದನ್ನು ಪುಟ್ಟು ಕಲಿತನು. ಒಂದು ತಿಂಗಳು ಯಾವ ದೂರೂ ಇರಲಿಲ್ಲ. ಮಗಳು ಬಂದ ಮೇಲೆ ಕೂಸು ಎಚ್ಚರವಾಗಿರುವ ಹೊತ್ತಿನಲ್ಲಿ ಬೆಕ್ಕನ್ನು ಹಿತ್ತಿಲ ಕೋಣೆಯಲ್ಲಿರಿಸಿ ಬಾಗಿಲು ಹಾಕುವುದೆಂದು ಕಟ್ಟಳೆಯಾಯಿತು. ಶ್ರಾದ್ಧದ ದಿನ ಅಡ್ಡ ಬಾರದಿರಲೆಂದು ಬೆಕ್ಕನ್ನು ಬುಟ್ಟಿಯಡಿಯಲ್ಲಿ ಮುಚ್ಚಿಟ್ಟುದೇ ಮುಂದಿನ ತಲೆಮಾರಿಗೆ ಶಾಸ್ತ್ರವಾದ ಕಥೆಯನ್ನು ನೆನೆದು, ಇನ್ನು ಮುಂದೆ ನಮ್ಮ ವಂಶದಲ್ಲಿ ಮಗುವಿಗೆ ಅನ್ನ ಉಣ್ಣಿಸುವಾಗ ಬೆಕ್ಕನ್ನು ಕೂಡಿಹಾಕುವ ಸಂಪ್ರದಾಯ ಬಂದೀತೆಂದು ನಾವು ನಗುತ್ತಿದ್ದೆವು.

ಫೆಬ್ರವರಿಯ ಒಂದು ಬೆಳಗ್ಗೆ ನಾನು ಹಿತ್ತಿಲ ಕೋಣೆಯಿಂದ ಪತ್ರಿಕೆ ತೆಗೆದುಕೊಂಡು ಬಂದು ಓದಲು ಕುಳಿತೆನು. ಎಷ್ಟು ಹೊತ್ತಾಯಿತೋ, ತಲೆಯೆತ್ತಿ ನೋಡುತ್ತೇನೆ: ಕೆಂಚ ಚಾಪೆಯ ಮೇಲೆ ಕುಳಿತಿದೆ, ಕೂಸು ಅದರೆದುರಿಗೆ ಕುಳಿತು, ಅದರ ಬೆನ್ನಿನ ಚರ್ಮವನ್ನು ಎರಡು ಕೈಗಳಿಂದಲೂ ಹಿಡಿದುಕೊಂಡಿದೆ. ಬೆಕ್ಕಿನ ಕಿವಿಗಳು ಹಿಂದಕ್ಕೆ ಮಡಿಸಿವೆ. ಬಾಲದ ತುದಿ ಮಾತ್ರ ನೆಲವನ್ನು ಬಡಿಯುತ್ತಿದೆ. ನಾನು ಕೂಗಲಿಲ್ಲ. ಮೆಲ್ಲನೆ ಎದ್ದು ಹೋಗಿ ಒಂದೊಂದು ಬೆರಳನ್ನೇ ಬಿಡಿಸಿ ಕೂಸನ್ನು ಎತ್ತಿಕೊಂಡೆನು. ಕೆಂಚ ಮೈ ಕೊಡವಿ, ಹಲಗೆಯ ಮೇಲಕ್ಕೆ ಹಾರಿ ಕುಳಿತಿತು.

ಏನೂ ಆಗಲಿಲ್ಲ. ಅದನ್ನು ನೋಡಿದವನು ನಾನೊಬ್ಬನೇ; ಹೇಳದೆ ಇದ್ದಿದ್ದರೆ ನಡೆಯುತ್ತಿದ್ದಿತು. ಬೆಕ್ಕು ಅಂದು ತೋರಿದ ತಾಳ್ಮೆಯನ್ನು ನಾನು ಯಾವ ಮನುಷ್ಯನಲ್ಲಿಯೂ ಕೇಳಲಾರೆ. ಆದರೆ ಬಾಗಿಲನ್ನು ತೆರೆದಿಟ್ಟವನು ನಾನು. ಎರಡು ತಿಂಗಳಿಂದ ನಾವೆಲ್ಲರೂ ಕೆಂಚನ ಸ್ವಭಾವವನ್ನು ಅಳೆಯುತ್ತಿದ್ದೆವು. ಅದರ ಮೇಲೆ ನಂಬಿಕೆಯಿಡಬಹುದೇ ಎಂದು ಚರ್ಚಿಸುತ್ತಿದ್ದೆವು. ಬೆಕ್ಕು ಯಾರಿಗೂ ಮಾತು ಕೊಟ್ಟಿರಲಿಲ್ಲ. ಬಾಗಿಲು ಹಾಕುವೆನೆಂದು ಮಾತು ಕೊಟ್ಟವನು, ಅರುವತ್ತಾರು ವರ್ಷದ, ಮರೆವಿನ ನಾನು. ಅಂದು ರಾತ್ರಿ ಊಟವಾದ ಮೇಲೆ ನಡೆದುದನ್ನು ಎಲ್ಲರಿಗೂ ಹೇಳಿದೆನು. ಸೊಸೆ, "ಇನ್ನು ಎರಡು ತಿಂಗಳು ನೋಡೋಣವೇ ಮಾವ?" ಎಂದಳು. ಬೇಡವೆಂದವನು ನಾನೇ.

ತೀರ್ಥಹಳ್ಳಿಯ ಬಳಿಯ ತೋಟದ ಮನೆಯಲ್ಲಿ ನನ್ನ ಅಕ್ಕ ಇದ್ದಾಳೆ, ಎಪ್ಪತ್ತೆರಡು ವರ್ಷ. ಮಕ್ಕಳೆಲ್ಲ ದೂರದೂರಿನಲ್ಲಿದ್ದಾರೆ, ಅಟ್ಟದ ಮೇಲಿನ ತೆಂಗಿನಕಾಯಿಗೂ ಭತ್ತದ ಮೂಟೆಗೂ ಇಲಿಗಳೇ ಒಡೆಯರು. ಅವಳಿಗೆ ಕೆಂಚನ ದೋಷಗಳನ್ನೆಲ್ಲ ಒಂದನ್ನೂ ಮುಚ್ಚದೆ ಹೇಳಿದೆನು. ಹೆಣ್ಣು ಕೊಡುವಾಗಲೂ ಗಂಡು ತೋರಿಸುವಾಗಲೂ ನಾವು ಇಷ್ಟು ಸತ್ಯವನ್ನು ಹೇಳುವುದಿಲ್ಲ. "ನನ್ನನ್ನು ಯಾರು ಪರಚುತ್ತಾರೆ, ತೆಗೆದುಕೊಂಡು ಬಾ" ಎಂದಳು. ಗಾಳಿಯಾಡುವ ಬೆತ್ತದ ಬುಟ್ಟಿಯಲ್ಲಿಟ್ಟು ಒಯ್ದೆನು. ಹೊಸ ಮನೆಯೇ ತನ್ನ ಮನೆಯೆಂದು ಅರಿವಾಗುವವರೆಗೆ ಮೂರು ವಾರ ಒಂದೇ ಕೋಣೆಯಲ್ಲಿಡಬೇಕೆಂದು ವೈದ್ಯರು ಹೇಳಿದ್ದುದನ್ನು ಅವಳಿಗೆ ತಿಳಿಸಿದೆನು. ಪುಟ್ಟು ತಾನು ಹಾಸಿಕೊಳ್ಳುತ್ತಿದ್ದ ಹಳೆಯ ಕಂಬಳಿಯ ತುಂಡನ್ನು ಬುಟ್ಟಿಯಲ್ಲಿ ಹಾಕಿ, ಗೇಟಿನವರೆಗೆ ಬಂದು, ಹಿಂತಿರುಗಿ ನೋಡದೆ ಒಳಗೆ ಹೋದನು.

ಅಂದು ಸಂಜೆ ಅಕ್ಕನ ಮನೆಯ ಜಗಲಿಯ ಮೇಲೆ ಕುಳಿತಿದ್ದಾಗ, ಏಕೋ ಏನೋ, ಬೆಳ್ಳಿಯ ವಿಷಯವನ್ನು ಎತ್ತಿ, ಅಂದು ನಾನೇ ಅದರ ಕಾಲನ್ನು ಹಿಡಿದು ಎಳೆದುದನ್ನು ಹೇಳಿದೆನು. ಅಕ್ಕ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸದೆ, "ಗೊತ್ತಿತ್ತು. ನಿನ್ನ ಮುಷ್ಟಿಯಲ್ಲಿ ಬಿಳಿಯ ಕೂದಲಿತ್ತು" ಎಂದಳು.

"ಅಮ್ಮನಿಗೆ?"

"ನಿನ್ನ ಕೈ ತೊಳೆದವಳು ಯಾರು?"

ಮೇ ತಿಂಗಳ ರಜೆಯಲ್ಲಿ ಪುಟ್ಟುವನ್ನು ಕರೆದುಕೊಂಡು ಅಲ್ಲಿಗೆ ಹೋದೆನು. ಕೆಂಚ ಮೈ ತುಂಬಿಕೊಂಡು, ಪಡಸಾಲೆಯ ಭತ್ತದ ಮೂಟೆಯ ಮೇಲೆ ಮಲಗಿದ್ದಿತು. ಪುಟ್ಟು ಒಂದು ಮಾರು ದೂರದಲ್ಲಿ ನಿಂತು, ಯಾರೂ ಹೇಳದೆಯೇ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡನು. ಹುಬ್ಬಿನ ಮೇಲಿನ ಗೆರೆ ಇನ್ನೂ ತೆಳ್ಳಗೆ ಕಾಣುತ್ತಿದ್ದಿತು. ಬೆಕ್ಕು ಕಣ್ಣು ತೆರೆದು ಅವನನ್ನು ನೋಡಿತು, ಮತ್ತೆ ಮುಚ್ಚಿತು. ಅಕ್ಕ ಒಳಗಿನಿಂದ ಕಾಫಿಗೆ ಕರೆದಳು, ಅವನು ಬರಲಿಲ್ಲ.