ಎಂ.ಎಸ್ಸಿ. ಆದ ಮೇಲೆ

ಇಚಲಕರಂಜಿಯ ನಮ್ಮ ಅಕ್ಕನ ಮನೆಯಲ್ಲಿ ಮಾತು ಸ್ವಲ್ಪ ಜೋರಾಗಿಯೇ ಆಡಬೇಕು. ಗೋಡೆಯಾಚೆ ಭಾವನವರ ಮಗ್ಗಗಳು. ಈ ಶ್ರಾವಣದಲ್ಲಿ ಅವರು ಗಡಹಿಂಗ್ಲಜದಿಂದ ನನ್ನನ್ನು ಕರೆಸಿದ್ದು ಮಗಳಿಗೆ ಬುದ್ಧಿ ಹೇಳಲಿಕ್ಕೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದವಳು ಪಿಎಚ್.ಡಿ. ಮಾಡುವ ಹಟ ಹಿಡಿದಿದ್ದಳು.

“ಬ್ಯಾಂಕಿನ ಪರೀಕ್ಷಾ ಬರಿ ಅಂತ ಹೇಳಪಾ. ನಿನ್ನ ಮಾತು ಕೇಳ್ತಾಳ” ಎಂದರು ಭಾವ.

ಬಿ.ಎ. ಆದ ಕೂಡಲೇ ಕೌಂಟರಿನ ಹಿಂದೆ ಕೂತ ನನಗೆ ಪಿಎಚ್.ಡಿ. ವ್ಯವಹಾರ ಎಲ್ಲಿ ತಿಳಿಯಬೇಕು? ಅವಳೇ ಹೇಳಿದಳು. 2022ರ ಯುಜಿಸಿ ನಿಯಮದಂತೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ 6 ವರ್ಷದೊಳಗೆ ಮುಗಿಸಬೇಕು. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. 2023ರ ಜನವರಿಯಿಂದ ಬಂದ ದರವಂತೆ. ಹೊಸದಾಗಿ ಸೇರಿದ ಗುಮಾಸ್ತನ ಸಂಬಳಕ್ಕೆ ಬಹಳ ದೂರವಿಲ್ಲ ಅಂದುಕೊಂಡೆ. ತೊಡಕು ಬೇರೆ ಇತ್ತು. ಅವಳು ಪಾಸಾದದ್ದು ಪ್ರವೇಶಕ್ಕಷ್ಟೆ. ಫೆಲೋಶಿಪ್ಪಿಗೆ ಅಂಕ ಸಾಲಲಿಲ್ಲ. ಸೇರಬಹುದು, ಕೈಗೆ ಕಾಸು ಬಾರದು.

ನಾನು ದೊಡ್ಡವನಂತೆ ನಾರಳೀಕರರ ಮಾತು ತೆಗೆದೆ. 1938ರಲ್ಲಿ ಕೊಲ್ಹಾಪುರದಲ್ಲೇ ಹುಟ್ಟಿದವರು, 1963ರಲ್ಲಿ ಕೇಂಬ್ರಿಜ್ಜಿನಲ್ಲಿ ಪಿಎಚ್.ಡಿ. ಪಡೆದವರು, 2025ರ ಮೇ ತಿಂಗಳಲ್ಲಿ ತೀರಿಕೊಂಡ ಜಯಂತ ನಾರಳೀಕರ.

“ಅವರ ಅಪ್ಪ ಕಾಶಿಯೊಳಗ ಗಣಿತದ ಪ್ರೊಫೆಸರ್ ಇದ್ರು. ನಾ ಮಗ್ಗದಾಂವ” ಎಂದರು ಭಾವ. ನಾನು ಚಹಾ ಕುಡಿದೆ.

ಆಮೇಲೆ ಭಾವ ಕೇಳಿದ ಪ್ರಶ್ನೆ ನಾವ್ಯಾರೂ ಕೇಳಿರಲಿಲ್ಲ. “ಐದಾರು ವರ್ಷ ಏನ ಮಾಡ್ತಿ ಅಲ್ಲಿ?”

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪ್ರಯೋಗಾಲಯದಲ್ಲಿ ಇಂಗ್ಲಿಷ್ ಆದ ಹುಡುಗಿ, ಉತ್ತರಕ್ಕೆ ತಡವರಿಸಿದಳು. ಕಾಸರಗೋಡಿನ ಮನೆಗಳಲ್ಲೂ ಈ ತಡವರಿಕೆ ಹೊಸದಲ್ಲ. ಕಡೆಗೆ ಗೋಡೆಯತ್ತ ಕೈ ತೋರಿಸಿದಳು. “ಹಾಸಿನ ನೂಲಿಗೆ ಸೈಜಿಂಗ್‌ನ್ಯಾಗ ಗಂಜಿ ಹಚ್ಚತಾರಲ್ಲಪ್ಪಾ, ಹಂಗ. ಸತುವಿನ ಉಪ್ಪು ನೀರಾಗ ಕರಗಿಸಿ, ಸುಮಾರು 400 ಡಿಗ್ರಿ ಕಾಯಿಸಿದ ಗಾಜಿನ ಮ್ಯಾಲೆ ಸಿಂಪಡಿಸೂದು. ನೀರು ಹಾರಿಹೋಗಿ, ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ಸತುವಿನ ಆಕ್ಸೈಡಿನ ಪದರ ಕೂಡ್ತದ. ಸೋರಿದ ಗ್ಯಾಸ್ ತಾಗಿದರ ಅದರೊಳಗ ಕರೆಂಟ್ ಹರಿಯೂದು ಹೆಚ್ಚುಕಡಿಮಿ ಆಗ್ತದ. ಅದನ್ನ ಅಳದು ಗ್ಯಾಸ್ ಐತೇನು ಅಂತ ಹೇಳಬಹುದು.”

“ಇದು ಇಂಜಿನಿಯರಿಂಗ್ ಆತಲ್ಲ?”

“ಯಂತ್ರ ಮಾಡೂದು ಇಂಜಿನಿಯರಿಂಗ್, ಮಾಮಾ. ಕರೆಂಟ್ ಯಾಕ ಬದಲಾಗ್ತದ ಅನ್ನೂದು ಭೌತಶಾಸ್ತ್ರ. ಎರಡೂ ಬೇಕು.”

ಗಂಜಿ ಹೆಚ್ಚಾದರೆ ನೂಲು ಬಿರುಸಾಗಿ ಹರಿಯುತ್ತದೆ, ನಿನ್ನ ಪದರಕ್ಕೂ ಹಾಗೇ ಏನು ಎಂದು ಭಾವ ಕೇಳಿದರು. ದಪ್ಪ ಹೆಚ್ಚಾದರೆ ಬಿರುಕು ಬಿಡುವುದುಂಟು ಎಂದಳು. ಅಪ್ಪ-ಮಗಳು ಓದಿನ ವಿಷಯದಲ್ಲಿ ಇಷ್ಟು ಮಾತಾಡಿದ್ದು ನಾನು ಕಂಡಿರಲಿಲ್ಲ.

ಫೆಲೋಶಿಪ್ಪಿಗೆ ಇನ್ನೊಮ್ಮೆ ಬರೆಯಲಿ, ಅಲ್ಲಿಯತನಕ ಫೀಸು ನನ್ನದು ಎಂದೆ. ಬುದ್ಧಿ ಹೇಳಲು ಬಂದವನು ಹೀಗಂದದ್ದಕ್ಕೆ ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ಮದುವೆಯ ಚಿಂತೆ ಅವಳದು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಅಷ್ಟರಲ್ಲಿ ಒಂದು ಮಗ್ಗ ನಿಂತಿತು. ಭಾವ ಎದ್ದು ಹೋಗಿ, ಹರಿದ ನೂಲು ಜೋಡಿಸಿ ಬಂದು ಕೂತು, “ಆ ಗ್ಯಾಸಿಂದು ಇನ್ನೊಮ್ಮೆ ಹೇಳು” ಎಂದರು.