ಉಸಿರಿಗಿಂತ ತಡವಾಗಿ ಬರುವ ಕಾಲು

ಕಾಲಿಗೆ ಶಸ್ತ್ರಚಿಕಿತ್ಸೆಯಾದ ಓಟಗಾರರನ್ನು ಕಂಡವರೆಲ್ಲ ಕೇಳುವುದು ಒಂದೇ ಮಾತು: "ಮತ್ತೆ ಓಡಬಹುದಂತಾ?" ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಸ್ಪರ್ಧೆಗೆಂದು ಓಡುವವರ ಎದೆಯಲ್ಲಿ ಕೂತಿರುವ ಪ್ರಶ್ನೆ ಬೇರೆ. ಎಷ್ಟು ವೇಗದಲ್ಲಿ ಓಡಬಹುದು? ಆ ವೇಗ ಎಷ್ಟು ದೂರ ಉಳಿದೀತು? ಮೂವತ್ತೈದನೇ ಕಿಲೋಮೀಟರಿನ ಆಚೆ ಈ ಕಾಲು ನನ್ನ ಮಾತು ಕೇಳೀತೆ? "ಓಡೋಕಾದ್ರೆ ಸಾಕು ಬಿಡು, ಟೈಮಿಂಗ್ ಯಾಕೆ ಬೇಕು" ಎಂದು ಹಿತೈಷಿಗಳು ಹೇಳುತ್ತಾರೆ. ನನಗೆ ಬೇಕು. ಗಡಿಯಾರವಿಲ್ಲದ ಓಟವೂ ಸೊಗಸೇ, ಆದರೆ ನಾನು ಪ್ರೀತಿಸಿದ್ದು ಗಡಿಯಾರವಿರುವ ಓಟವನ್ನು.

ಅದರ ರುಚಿಯನ್ನು ಹೇಳಬೇಕು. ಮ್ಯಾರಥಾನಿನ ವೇಗವೆಂಬುದು ತೀರ ಕಿರಿದಾದ ದಾರಿ. ಕಿಲೋಮೀಟರಿಗೆ ಐದು ಸೆಕೆಂಡು ಹೆಚ್ಚು ಆತುರ ಮಾಡಿದರೆ ಮೂವತ್ತು ದಾಟಿದ ಮೇಲೆ ಅದರ ಲೆಕ್ಕ ತೀರಿಸಬೇಕಾಗುತ್ತದೆ. ಐದು ಸೆಕೆಂಡು ಹಿಂದುಳಿದರೆ ಗುರಿ ಮುಟ್ಟಿದ ಮೇಲೂ ಏನೋ ಉಳಿಸಿಕೊಂಡು ಬಂದ ಕೊರಗು. ಆ ನಡುವಿನ ವೇಗ ಸಿಕ್ಕಿದ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾನು ಬೇರೆಯೇ ಮನುಷ್ಯಳು. ಅರ್ಧ ವಾಕ್ಯದಷ್ಟು ಮಾತಾಡಬಹುದು, ಪೂರ್ತಿ ಆಡಲಾಗದು. ಉಸಿರು ಅಷ್ಟರಲ್ಲಿ ನಿಂತಿರುತ್ತದೆ. ಮಣ್ಣಿನ ಮೇಲೆ ಹೆಜ್ಜೆಗಳು ಒಂದೇ ತೂಕದಲ್ಲಿ ಬೀಳುತ್ತವೆ. ನೀರಿನ ಮೇಲಿನ ಹೆಜ್ಜಾರ್ಲೆಗಳು ನಮ್ಮತ್ತ ತಿರುಗಿಯೂ ನೋಡುವುದಿಲ್ಲ. ದೇಹ ತಾನೇ ಕಂಡುಕೊಂಡ ಲಯದಲ್ಲಿ ಮನಸ್ಸು ಸುಮ್ಮನೆ ಕುಳಿತು ಸಾಗುತ್ತದೆ.

ಆ ಹೆಜ್ಜೆಯ ಭಾರವನ್ನೆಲ್ಲ ಹೊರುವುದು ಹಿಮ್ಮಡಿಯ ಹಿಂದಿರುವ ಅಕಿಲಿಸ್. ಮೀನಖಂಡದ ಮಾಂಸವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಅದು. ಅದರ ಎಳೆಗಳು ನೇರವಾಗಿ ಇಳಿಯುವುದಿಲ್ಲ. ತೆಂಗಿನ ನಾರಿನ ಹುರಿಯಂತೆ ತಿರುಚಿಕೊಂಡು ಇಳಿಯುತ್ತವೆ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಐದಾರು ಪಟ್ಟು, ಕೆಲವೊಮ್ಮೆ ಅದಕ್ಕೂ ಮೀರಿದ ಎಳೆತ ಅದರ ಮೇಲೆ ಬೀಳುತ್ತದೆ. 42.195 ಕಿಲೋಮೀಟರಿಗೆ ನನ್ನಂಥವರು ಇಡುವುದು ನಲವತ್ತು ಸಾವಿರದಷ್ಟು ಹೆಜ್ಜೆ. ಇಷ್ಟು ದುಡಿಯುವ ಅಂಗಕ್ಕೆ ರಕ್ತದ ಪೂರೈಕೆ ಮಾತ್ರ ತೀರ ಕಡಿಮೆ. ಹಾಗಾಗಿ ಅದು ನಿಧಾನವಾಗಿ ಕೆಡುತ್ತದೆ, ಅದಕ್ಕಿಂತ ನಿಧಾನವಾಗಿ ಕೂಡುತ್ತದೆ. ನನ್ನದು ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲೇ ಸವೆದಿತ್ತು. ಅಲ್ಲಿ ಬೆಳೆದಿದ್ದ ಮೂಳೆಯ ಉಬ್ಬನ್ನು ವೈದ್ಯರು ಕೆತ್ತಿ ತೆಗೆದರು, ಹಾಳಾದ ಎಳೆಗಳನ್ನು ಕತ್ತರಿಸಿ ಉಳಿದದ್ದನ್ನು ಮೂಳೆಗೆ ಮತ್ತೆ ಬಿಗಿದರು.

ಊರುಗೋಲಿನ ದಿನಗಳಲ್ಲಿ ಎಲ್ಲರೂ ನನಗೆ ಹೇಳಿದ ಕಥೆ ಜೋನ್ ಬೆನೊಯ್ಟ್ ಅವರದು. 1984ರ ಏಪ್ರಿಲ್ 25ರಂದು ಅಮೆರಿಕದ ಈ ಓಟಗಾರ್ತಿಯ ಬಲ ಮೊಣಕಾಲಿಗೆ ಆರ್ತ್ರೋಸ್ಕೋಪಿ ಆಯಿತು. ಒಲಿಂಪಿಕ್ಸ್ ಆಯ್ಕೆಯ ಮ್ಯಾರಥಾನಿಗೆ ಉಳಿದಿದ್ದದ್ದು 17 ದಿನ. ಕಾಲು ಆಡಿಸಲಾಗದ ದಿನಗಳಲ್ಲಿ ಆಕೆ ಕೈಯಲ್ಲಿ ಪೆಡಲ್ ತಿರುಗಿಸಿ ಉಸಿರನ್ನು ಕಾಪಾಡಿಕೊಂಡರು. ಮೇ 12ರಂದು ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿ 2:31:04ರಲ್ಲಿ ಗೆದ್ದರು. ಆಗಸ್ಟ್ 5ರಂದು ಲಾಸ್ ಏಂಜಲೀಸ್‌ನಲ್ಲಿ, ಮಹಿಳೆಯರಿಗೆಂದು ನಡೆದ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನಿನಲ್ಲಿ, ಮೊದಲ ಕೆಲವೇ ಕಿಲೋಮೀಟರುಗಳಲ್ಲಿ ಗುಂಪು ಬಿಟ್ಟು ಒಂಟಿಯಾಗಿ ಮುಂದೆ ಹೋದರು. 2:24:52. ನಾರ್ವೆಯ ಗ್ರೇಟೆ ವೈಟ್ಸ್ ಅಂಥವರಿಗೂ ಹಿಡಿಯಲಾಗಲಿಲ್ಲ. ಕೇಳಿದರೆ ಮೈ ಜುಮ್ಮೆನ್ನುವ ಕಥೆ, ನಿಜವಾದ ಕಥೆ. ಆದರೆ ನನ್ನಂಥವರಿಗೆ ದಾರಿ ತೋರುವ ಕಥೆಯಲ್ಲ. ಅವರ ಮೊಣಕಾಲಿನಲ್ಲಿ ಅಡ್ಡಬಂದಿದ್ದ ನಾರಿನಂಥ ಪದರವನ್ನು ತೆಗೆದರು. ಅಡ್ಡಿ ಹೋಯಿತು, ಕೀಲು ಸಲೀಸಾಯಿತು. ಅಲ್ಲಿ ಹೊಸದಾಗಿ ಕೂಡಬೇಕಾದದ್ದು ಹೆಚ್ಚಿರಲಿಲ್ಲ.

ಅದೇ ಬೆನೊಯ್ಟ್ ಅವರ ಇನ್ನೊಂದು ಕಥೆಯನ್ನು ಯಾರೂ ಹೇಳುವುದಿಲ್ಲ. ನನಗೆ ಬೇಕಾದದ್ದು ಅದು. 1981ರ ಕೊನೆಯಲ್ಲಿ ಅವರ ಎರಡೂ ಅಕಿಲಿಸ್‌ಗಳಿಗೆ ಶಸ್ತ್ರಚಿಕಿತ್ಸೆಯಾಗಿತ್ತು. 1982ರ ಸೆಪ್ಟೆಂಬರಿನಲ್ಲಿ ಯೂಜೀನ್‌ನಲ್ಲಿ 2:26:11. ಮುಂದಿನ ಏಪ್ರಿಲ್‌ನಲ್ಲಿ ಬಾಸ್ಟನ್‌ನಲ್ಲಿ 2:22:43, ಆಗಿನ ವಿಶ್ವದಾಖಲೆ. ಇಲ್ಲಿನ ಲೆಕ್ಕ ವಾರಗಳದಲ್ಲ, ತಿಂಗಳುಗಳದು. ಅಮೆರಿಕದವರೇ ಆದ ಓಟಗಾರ ಗೇಲನ್ ರಪ್ ಅವರದೂ ಹಾಗೆಯೇ. 2018ರ ಅಕ್ಟೋಬರಿನಲ್ಲಿ, ಹೆಚ್ಚುಕಡಿಮೆ ನನ್ನಂಥದೇ ತೊಂದರೆಗೆ, ಹಿಮ್ಮಡಿ ಕೊಯ್ಯಿಸಿಕೊಂಡರು. ವರ್ಷ ಕಳೆದು ಷಿಕಾಗೋದಲ್ಲಿ ಓಡಿದಾಗ ಮುಗಿಸಲಾಗಲಿಲ್ಲ, ಮೀನಖಂಡ ಕೈಕೊಟ್ಟಿತು. ಅದಾಗಿ ನಾಲ್ಕೂವರೆ ತಿಂಗಳಿಗೆ, 2020ರ ಫೆಬ್ರವರಿ 29ರಂದು, ಅಟ್ಲಾಂಟಾದ ಏರಿಳಿತದ ಹಾದಿಯಲ್ಲಿ 2:09:20ರಲ್ಲಿ ಅಮೆರಿಕದ ಒಲಿಂಪಿಕ್ಸ್ ಆಯ್ಕೆ ಓಟ ಗೆದ್ದರು. ಷಿಕಾಗೋದ ದಿನ ಎಷ್ಟು ಜನ ಅವರ ಓಟ ಮುಗಿಯಿತೆಂದು ತೀರ್ಮಾನಿಸಿದ್ದರೋ! ಇನ್ನು ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ ಅವರು 2000ದ ಸಿಡ್ನಿ ಒಲಿಂಪಿಕ್ಸ್ ಮುಗಿಸಿ ಅಕಿಲಿಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಎಂಟು ವರ್ಷಗಳ ಮೇಲೆ, ಮೂವತ್ತೈದರ ವಯಸ್ಸಿನಲ್ಲಿ, ಬರ್ಲಿನ್‌ನಲ್ಲಿ 2:03:59. ಮನುಷ್ಯರು ಎರಡು ಗಂಟೆ ನಾಲ್ಕು ನಿಮಿಷದೊಳಗೆ ಮ್ಯಾರಥಾನ್ ಮುಗಿಸಿದ್ದು ಅದೇ ಮೊದಲು. ಅವರೆಲ್ಲ ಲೋಕೋತ್ತರರು, ಅವರ ನಿಮಿಷಗಳು ನನ್ನವಲ್ಲ. ಆದರೆ ಸ್ನಾಯುರಜ್ಜು ತೆಗೆದುಕೊಳ್ಳುವ ಕಾಲ ಅವರಿಗೂ ನನಗೂ ಹೆಚ್ಚು ಬೇರೆಯಲ್ಲ.

ಮರಳಿ ಬರುವವರ ನಿಜವಾದ ಗಂಡಾಂತರ ಇಲ್ಲಿದೆ: ಉಸಿರು ಬೇಗ ಬರುತ್ತದೆ, ಕಾಲು ತಡವಾಗಿ ಬರುತ್ತದೆ. ಈಜುಕೊಳದಲ್ಲಿ ಸೊಂಟಕ್ಕೆ ತೇಲುಪಟ್ಟಿ ಕಟ್ಟಿಕೊಂಡು ನೀರಲ್ಲೇ ಓಡಿದರೆ, ಸೈಕಲ್ ತುಳಿದರೆ, ಹೃದಯ ಕೆಲವೇ ವಾರಗಳಲ್ಲಿ ಹಳೆಯ ಹುರುಪಿಗೆ ಬಂದುಬಿಡುತ್ತದೆ. "ಹೊರಡು" ಎನ್ನುತ್ತದೆ. ಸ್ನಾಯುರಜ್ಜಿನ ಹೊಸ ಎಳೆಗಳು ಆಗಿನ್ನೂ ಅಡ್ಡಾದಿಡ್ಡಿಯಾಗಿರುತ್ತವೆ. ಎಳೆತದ ದಿಕ್ಕಿಗೆ ಅವು ಸಾಲುಗೂಡಿ ಬಿಗಿಯಾಗಲು ವರ್ಷವೇ ಹಿಡಿಯುತ್ತದೆ. ಸಾಲುಗೂಡಬೇಕಾದರೆ ಭಾರ ಹಾಕಲೇಬೇಕು, ಸುಮ್ಮನೆ ಮಲಗಿಸಿದರೆ ಬಲಿಯುವುದಿಲ್ಲ. ಭಾರವೇ ಔಷಧಿ, ಅಳತೆ ತಪ್ಪಿದರೆ ಭಾರವೇ ಕೇಡು.

ಈ ಅಳತೆಯ ಕೆಲಸ ನನಗೆ ಇಷ್ಟೊಂದು ಹಿಡಿಸೀತೆಂದು ಎಣಿಸಿರಲಿಲ್ಲ. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ ಎಂಬ ವೈದ್ಯರು 1998ರಲ್ಲಿ ಪ್ರಕಟಿಸಿದ ಹಿಮ್ಮಡಿ ಇಳಿಸುವ ವ್ಯಾಯಾಮ ಲೋಕದ ಓಟಗಾರರಿಗೆಲ್ಲ ಗೊತ್ತು: ಮೆಟ್ಟಿಲಿನ ಅಂಚಿನಲ್ಲಿ ನಿಂತು, ನೋಯುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, ದಿನಕ್ಕೆರಡು ಹೊತ್ತು, ಹನ್ನೆರಡು ವಾರ. ಅದು ಕತ್ತಿ ಮುಟ್ಟಿಸದೆ ಗುಣಪಡಿಸಲೆಂದು ಹುಟ್ಟಿದ್ದು. ಮೂಳೆಯ ಹತ್ತಿರದ ನೋವಿನವರು ಮೆಟ್ಟಿಲಿನಿಂದ ಕೆಳಗೆ ಇಳಿಸದೆ ಸಮನೆಲದಲ್ಲೇ ಮಾಡುವುದು ಒಳ್ಳೆಯದು. ನನ್ನ ಫಿಸಿಯೋ ಅದನ್ನೇ ಮಾಡಿಸಿದರು. ಗೋಡೆಗೆ ಬೆರಳ ತುದಿ ತಾಗಿಸಿ ಒಂಟಿಗಾಲಲ್ಲಿ ಹಿಮ್ಮಡಿ ಎತ್ತಬೇಕು, ಮೂರು ಎಣಿಸಿ ಇಳಿಸಬೇಕು. ಮೊದಮೊದಲು ಕಾಲು ಏಳಲೇ ಇಲ್ಲ. ಮೆದುಳು ಆಜ್ಞೆ ಕೊಡುತ್ತದೆ, ಹಿಮ್ಮಡಿ ನೆಲ ಬಿಡುವುದಿಲ್ಲ. ಮುಂದೊಂದು ದಿನ ಕಾಗದ ತೂರಿಸುವಷ್ಟು ಎದ್ದಿತು. "ಬಂತು ಮೇಡಂ, ಬಂತು" ಎಂದು ಫಿಸಿಯೋ ಕೂಗಿದ್ದು ಯಾವ ಪದಕದ ವೇದಿಕೆಗಿಂತಲೂ ನನಗೆ ದೊಡ್ಡದು.

ಓಟ ಶುರುವಾದದ್ದು ನಡಿಗೆಯೊಳಗೆ ಬೆರೆತು: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ತೀರ್ಪು ಕೊಡುವುದು ಓಡುವಾಗಿನ ನೋವಲ್ಲ, ಮರುದಿನ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆ. ಆಗ ಬಿಗಿತ ಹೆಚ್ಚಿದ್ದರೆ ನಿನ್ನೆಯದು ಹೆಚ್ಚಾಯಿತೆಂದು ಅರ್ಥ. ಕೆರೆಯ ಏರಿಯ ಮೇಲೆ ನನ್ನನ್ನು ದಾಟಿಹೋಗುವ ಹುಡುಗರು "ಕಾಲು ಹೆಂಗಿದೆ ಅಕ್ಕಾ?" ಎಂದು ಓಡುತ್ತಲೇ ಕೇಳುತ್ತಾರೆ. "ಬರ್ತಾ ಇದೆ" ಎನ್ನುತ್ತೇನೆ. ಅವರ ಹಿಂದೆ ಹೋಗಲು ಉಸಿರು ಕುದಿಯುತ್ತದೆ. ಹೋಗುವುದಿಲ್ಲ.

ನನ್ನ ಮುಂದಿನ ಮ್ಯಾರಥಾನ್ ಜನವರಿಯ ಮುಂಬೈ. ಪೆಡ್ಡರ್ ರಸ್ತೆಯ ಏರು ಅಲ್ಲಿ ಮರಳುವ ಹಾದಿಯಲ್ಲಿ, ಮೂವತ್ತೈದರ ಆಸುಪಾಸಿನಲ್ಲಿ ಎದುರಾಗುತ್ತದೆ. ಏರಿನಲ್ಲಿ ದುಡಿಯಬೇಕಾದದ್ದು ಮೀನಖಂಡವೇ, ಅಕಿಲಿಸ್ಸೇ. ಹಳೆಯ ಸಮಯವನ್ನು ಈ ಬಾರಿ ಕೇಳುವುದಿಲ್ಲ. ಎಡಗಾಲಿನಲ್ಲಿ ನಿಲ್ಲಿಸದೆ ಎಷ್ಟು ಸಲ ಹಿಮ್ಮಡಿ ಎತ್ತಬಲ್ಲೆನೋ ಬಲಗಾಲಿನಲ್ಲೂ ಅಷ್ಟೇ ಸಲ ಎತ್ತಲು ಬಂದ ಮೇಲೆ ಗುರಿಯ ವೇಗ ಬರೆದುಕೊಳ್ಳೋಣವೆಂದು ಫಿಸಿಯೋ ಜೊತೆ ಮಾತಾಗಿದೆ. ಸದ್ಯಕ್ಕೆ ಬಲಗಾಲು ಸ್ವಲ್ಪ ಹಿಂದಿದೆ. ಪೆಡ್ಡರ್ ರಸ್ತೆಯನ್ನು ಮಾತ್ರ ಓಡಿಯೇ ಹತ್ತುತ್ತೇನೆ, ನಡೆದಲ್ಲ. ಅದರ ತಯಾರಿಗೆ ಮುಂದಿನ ವಾರದಿಂದ ಚಾಮುಂಡಿ ಬೆಟ್ಟದ ರಸ್ತೆ.